ಸಬ್ಬಸಿಗೆ: ಹೊಂದುವ ಆಹಾರ ಮತ್ತು ಪಾನೀಯಗಳು

ಸಬ್ಬಸಿಗೆ ಏಪಿಯೇಸೀ ಕುಟುಂಬಕ್ಕೆ ಸೇರಿದ, ಸೊಪ್ಪಿಗೂ ಬೀಜಕ್ಕೂ ಬೆಳೆಸುವ ಏಕವಾರ್ಷಿಕ ಸುಗಂಧ ಮೂಲಿಕೆ. ವೈಜ್ಞಾನಿಕ ನಾಮ ಅನೆಥಮ್ ಗ್ರಾವಿಯೋಲೆನ್ಸ್. ಕೊತ್ತಂಬರಿ, ಜೀರಿಗೆ, ಸೋಂಪು, ಓಮ, ಗಜ್ಜರಿ ಇದೇ ಕುಟುಂಬದವು. ಸಬ್ಬಸಿಗೆಯ ಪರಿಮಳ ತೀಕ್ಷ್ಣವಾದುದರಿಂದ ಅದನ್ನು ಸೇರಿಸುವ ಪದಾರ್ಥದ ಆಯ್ಕೆ ಅಡುಗೆಯಲ್ಲಿ ನಿರ್ಣಾಯಕ. ಕಾಳು, ಬೇಳೆ, ಅಕ್ಕಿ, ಆಲೂಗಡ್ಡೆ, ಸೌತೆಕಾಯಿ, ಮೊಸರು, ಮೀನು ಇವು ಸಬ್ಬಸಿಗೆಯೊಡನೆ ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಜೊತೆಗಳು. ಈ ಜೊತೆಗಳ ಮೂಲ, ಕಾರಣ, ಪ್ರಾದೇಶಿಕ ರೂಪಗಳು ಮತ್ತು ಸಬ್ಬಸಿಗೆಗೆ ಒಗ್ಗುವ ಪಾನೀಯಗಳು ಈ ಲೇಖನದ ವಸ್ತು.

ಪರಿಭಾಷೆ

ಎಳೆಯ ಎಲೆ ಮತ್ತು ಮೃದುವಾದ ದಂಟುಗಳನ್ನು ಇಲ್ಲಿ ಸಬ್ಬಸಿಗೆ ಸೊಪ್ಪು ಎಂದು ಕರೆಯಲಾಗಿದೆ. ಸಬ್ಬಸಿಗೆ ಬೀಜವೆಂದು ಮಾರಾಟವಾಗುವುದು ಸಸ್ಯಶಾಸ್ತ್ರದ ಪ್ರಕಾರ ಒಣಗಿದ ಕಾಯಿ. ಆದರೂ ಬಳಕೆಯ ಹೆಸರನ್ನೇ ಉಳಿಸಿಕೊಳ್ಳಲಾಗಿದೆ. ಕೊಡೆಯಾಕಾರದ ಹೂಗೊಂಚಲಿಗೆ ಹೂಗೊಡೆ ಎಂಬ ಪದವನ್ನು ಬಳಸಿದೆ. ಉತ್ತರ ಕರ್ನಾಟಕದಲ್ಲಿ ಸಬ್ಬಸಗಿ ಎಂಬ ರೂಪ ರೂಢಿಯಲ್ಲಿದೆ. ಮರಾಠಿಯ ಶೇಪು, ಗುಜರಾತಿಯ ಸುವಾ, ಹಿಂದಿಯ ಸೋಯಾ ಇದೇ ಗಿಡ. ಹಿಂದಿಯ ಹೆಸರು ಸೋಯಾ ಅವರೆಯನ್ನು ನೆನಪಿಸಿದರೂ ಎರಡಕ್ಕೂ ಸಂಬಂಧವಿಲ್ಲ. ಸಂಸ್ಕೃತದ ಶತಪುಷ್ಪ, ಶತಾಹ್ವ ಎಂಬ ಹೆಸರುಗಳನ್ನು ಸಬ್ಬಸಿಗೆಗೂ ಮಿಶ್ರೇಯ ಎಂಬುದನ್ನು ಸೋಂಪಿಗೂ ಅನ್ವಯಿಸುವುದು ಇಂದಿನ ಆಯುರ್ವೇದದ ಪದ್ಧತಿ. ಸೋಂಪಿನ ಎಲೆ ನೋಡಲು ಸಬ್ಬಸಿಗೆಯಂತೆಯೇ ಇದೆ; ಸೋಂಪಿನದು ಸಿಹಿ ವಾಸನೆ, ಸಬ್ಬಸಿಗೆಯದು ಖಾರದತ್ತ ವಾಲುವ ಹಸಿರು ವಾಸನೆ. ಬೆರಳಿನಲ್ಲಿ ಉಜ್ಜಿ ಮೂಸಿದರೆ ವ್ಯತ್ಯಾಸ ತಿಳಿಯುತ್ತದೆ.

ಸಸ್ಯ ಮತ್ತು ಬಗೆಗಳು

ಗಿಡ ಸಾಮಾನ್ಯವಾಗಿ ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ಬೆಳೆಯುತ್ತದೆ. ಇನ್ನೂ ಎತ್ತರಕ್ಕೆ ಹೋಗುವುದೂ ಉಂಟು. ಕಾಂಡ ಟೊಳ್ಳು. ಎಲೆಗಳು ನೂಲಿನಷ್ಟು ಸಣ್ಣ ಎಳೆಗಳಾಗಿ ಸೀಳಿರುತ್ತವೆ. ಹೂಗಳು ಹಳದಿ. ಬೀಜ ಚಪ್ಪಟೆ, ಕಂದು, ಅಂಚಿನಲ್ಲಿ ತೆಳುವಾದ ರೆಕ್ಕೆಯುಳ್ಳದ್ದು. ಉದ್ದ 4ರಿಂದ 5 ಮಿಲಿಮೀಟರ್. ಬಿಸಿಲು ಹೆಚ್ಚಿ ಹಗಲು ದೀರ್ಘವಾದಾಗ ಗಿಡ ಬೇಗ ಹೂವಿಗೆ ಬರುತ್ತದೆ, ಆಮೇಲೆ ಎಲೆಯ ಇಳುವರಿ ಇಳಿಯುತ್ತದೆ. ಸೊಪ್ಪಿಗೆ ಚಳಿಗಾಲವೇ ಒಳ್ಳೆಯ ಕಾಲವಾಗಿರುವುದು ಇದರಿಂದ.

ಲಿನಿಯಸ್ 1753ರಲ್ಲಿ ಈ ಪ್ರಭೇದಕ್ಕೆ ಈಗಿನ ವೈಜ್ಞಾನಿಕ ಹೆಸರನ್ನು ಕೊಟ್ಟ. ಭಾರತದ ಗಿಡವನ್ನು ವಿಲಿಯಂ ರಾಕ್ಸ್‌ಬರ್ಗ್ ಅನೆಥಮ್ ಸೋವ ಎಂದು ಪ್ರತ್ಯೇಕಿಸಿದ. ಈಗ ಹೆಚ್ಚಿನ ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಪ್ರಭೇದದೊಳಗೆ ಸೇರಿಸುತ್ತಾರೆ. ಅಡುಗೆಯ ದೃಷ್ಟಿಯಿಂದ ಮಾತ್ರ ಈ ವಿಂಗಡಣೆ ಇನ್ನೂ ಉಪಯುಕ್ತ. ಯುರೋಪಿನ ಬೀಜದ ತೈಲದಲ್ಲಿ ಕಾರ್ವೋನ್ ಪ್ರಧಾನ. ಭಾರತದ ಬೀಜದಲ್ಲಿ ಕಾರ್ವೋನ್ ಪ್ರಮಾಣ ಕಡಿಮೆಯಾಗಿ ಡಿಲಾಪಿಯೋಲ್ ಎಂಬ ಸಂಯುಕ್ತ ಗಮನಾರ್ಹವಾಗಿರುತ್ತದೆ. ಒಂದರ ಬದಲಿಗೆ ಮತ್ತೊಂದನ್ನು ಬಳಸಿದಾಗ ಉಪ್ಪಿನಕಾಯಿಯ ವಾಸನೆ ಬದಲಾಗುವುದು ಇದರಿಂದಲೇ.

ಮೂಲ ಮತ್ತು ಪ್ರಸಾರ

ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗ ಮತ್ತು ನೈಋತ್ಯ ಏಷ್ಯ ಸಬ್ಬಸಿಗೆಯ ತವರು. ಕ್ರಿ.ಪೂ. ಸುಮಾರು 1400ರಲ್ಲಿ ತೀರಿಕೊಂಡ ಈಜಿಪ್ಟಿನ ದೊರೆ ಎರಡನೆಯ ಅಮೆನ್‌ಹೊಟೆಪ್‌ನ ಗೋರಿಯಲ್ಲಿ ಇದರ ಟೊಂಗೆಗಳು ದೊರೆತಿವೆ. ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆಯಲ್ಲಿ ಪುದೀನ, ಜೀರಿಗೆಗಳ ಜೊತೆಗೆ ಸಬ್ಬಸಿಗೆ ದಶಮಾಂಶ ತೆರಿಗೆಗೆ ಒಳಪಟ್ಟ ಬೆಳೆಯಾಗಿ ಉಲ್ಲೇಖಗೊಂಡಿದೆ. ಕ್ರಿ.ಶ. 800ರ ಸುಮಾರಿನಲ್ಲಿ ಫ್ರಾಂಕ್ ಅರಸರ ತೋಟಗಳಲ್ಲಿ ಬೆಳೆಯಬೇಕಾದ ಗಿಡಗಳ ಪಟ್ಟಿಯೊಂದು ಸಿದ್ಧವಾಯಿತು. ಅದರಲ್ಲಿಯೂ ಸಬ್ಬಸಿಗೆಯ ಹೆಸರಿದೆ. ಭಾರತದಲ್ಲಿ ಕಾಶ್ಯಪ ಸಂಹಿತೆ ಶತಪುಷ್ಪ ಮತ್ತು ಶತಾವರಿಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ.

ಹೀಗೆ ಹರಡಿದ ಗಿಡ ಎರಡು ಬಗೆಯ ಬಳಕೆಗೆ ಒಳಗಾಯಿತು. ಉತ್ತರ ಯುರೋಪಿನಲ್ಲಿ ಅದು ಮುಖ್ಯವಾಗಿ ಪರಿಮಳಕ್ಕೆ ಚೂರು ಉದುರಿಸುವ ಎಲೆ. ಇರಾನ್, ಮಹಾರಾಷ್ಟ್ರ, ಗುಜರಾತ್, ಕರ್ನಾಟಕಗಳಲ್ಲಿ ಅದು ಕಟ್ಟುಗಟ್ಟಲೆ ಹೆಚ್ಚಿ ಹಾಕುವ ಸೊಪ್ಪು. ಒಂದೇ ಗಿಡಕ್ಕೆ ಹೊಂದುವ ಆಹಾರಗಳ ಪಟ್ಟಿ ಎರಡು ಕಡೆ ಬೇರೆಯಾಗಲು ಈ ಪ್ರಮಾಣಭೇದವೇ ಮೊದಲ ಕಾರಣ.

ಪರಿಮಳದ ರಚನೆ

ಸೊಪ್ಪಿನ ಮತ್ತು ಬೀಜದ ವಾಸನೆಗಳು ಬೇರೆ ಬೇರೆ ಸಂಯುಕ್ತಗಳಿಂದ ಬರುತ್ತವೆ. ಸೊಪ್ಪಿನಲ್ಲಿ ಆಲ್ಫಾ ಫೆಲಾಂಡ್ರೀನ್ ಹೆಚ್ಚು. ಅದರೊಡನೆ ಡಿಲ್ ಈಥರ್ ಸೇರಿದಾಗ ಹಸಿ ಸಬ್ಬಸಿಗೆಯ ಗುರುತಿನ ವಾಸನೆ ಮೂಡುತ್ತದೆ. ಲಿಂಬೆ ಜಾತಿಯ ಹಣ್ಣುಗಳ ಸಿಪ್ಪೆಯಲ್ಲಿರುವ ಲಿಮೋನೀನ್ ಸೊಪ್ಪಿನಲ್ಲೂ ಬೀಜದಲ್ಲೂ ಇದೆ. ಬೀಜದ ವಾಸನೆಗೆ ಕಾರ್ವೋನ್ ಕಾರಣ. ಯುರೋಪಿನ ಬೀಜದ ತೈಲದಲ್ಲಿ ಇದು ಶೇ. 30ರಿಂದ 60ರಷ್ಟಿರುತ್ತದೆ. ಕ್ಯಾರವೇ ಬೀಜದಲ್ಲಿರುವುದೂ ಇದೇ ಕಾರ್ವೋನ್. ಪುದೀನದ ಒಂದು ಬಗೆಯಾದ ಸ್ಪಿಯರ್‌ಮಿಂಟ್‌ನಲ್ಲಿ ಇದರ ಕನ್ನಡಿಬಿಂಬದಂಥ ಅಣು ಇದೆ: ಪರಮಾಣುಗಳೆಲ್ಲ ಅವೇ, ಜೋಡಣೆ ಮಾತ್ರ ಎಡಬಲ ಅದಲುಬದಲು. ಮೂಗು ಇವೆರಡನ್ನೂ ಪೂರಾ ಬೇರೆ ವಾಸನೆಗಳೆಂದು ಗ್ರಹಿಸುತ್ತದೆ.

ಈ ಸಂಯುಕ್ತಗಳೆಲ್ಲ ಸುಲಭವಾಗಿ ಆವಿಯಾಗುತ್ತವೆ, ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಹೊಂದಾಣಿಕೆಯ ಬಹುಪಾಲು ನಿಯಮಗಳು ಈ ಎರಡು ಗುಣಗಳಿಂದ ಹುಟ್ಟುತ್ತವೆ.

ಹೊಂದಾಣಿಕೆಯ ಆಧಾರಗಳು

ಕೊಬ್ಬು ಪರಿಮಳವನ್ನು ಹಿಡಿದಿಡುತ್ತದೆ. ತುಪ್ಪ, ಬೆಣ್ಣೆ, ಕೆನೆ, ತೆಂಗಿನಕಾಯಿ, ಎಣ್ಣೆಯುಕ್ತ ಮೀನು ಇವುಗಳೊಡನೆ ಸಬ್ಬಸಿಗೆ ನಾಲಗೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬರಿಯ ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ವಾಸನೆ ಆವಿಯೊಡನೆ ಹೋಗಿ ನಾರು ಉಳಿಯುತ್ತದೆ.

ಪಿಷ್ಟ ತನ್ನದೇ ವಾಸನೆಯನ್ನು ಮುಂದೊಡ್ಡುವುದಿಲ್ಲ. ಅಕ್ಕಿ, ಆಲೂಗಡ್ಡೆ, ಜೋಳಗಳು ಸಬ್ಬಸಿಗೆಗೆ ಒಳ್ಳೆಯ ನೆಲೆಯಾಗುವುದು ಇದಕ್ಕೇ. ಹುಳಿ ಮೂರನೆಯ ಆಧಾರ: ಮೊಸರು, ನಿಂಬೆ ಅಥವಾ ಹುದುಗಿದ ಉಪ್ಪುನೀರಿನ ಹುಳಿ ಸೊಪ್ಪಿನ ಲಿಂಬೆಯಂಥ ಅಂಶವನ್ನು ಎತ್ತಿ ತೋರಿಸಿ, ಕೊಬ್ಬಿನ ಭಾರವನ್ನು ತಗ್ಗಿಸುತ್ತದೆ.

ಬೀಜಕ್ಕೆ ಈ ನಿಯಮಗಳು ಪೂರ್ತಿ ಅನ್ವಯವಾಗುವುದಿಲ್ಲ. ಅದರ ತೈಲ ಕಾಯಿಯ ಸಿಪ್ಪೆಯೊಳಗಿನ ನಾಳಗಳಲ್ಲಿ ಅಡಗಿರುವುದರಿಂದ ಬೀಜ ಬಿಸಿಯನ್ನು ತಾಳುತ್ತದೆ. ಒಗ್ಗರಣೆ, ಬ್ರೆಡ್ಡು, ಉಪ್ಪಿನಕಾಯಿಗೆ ಸಲ್ಲುತ್ತದೆ. ಸೊಪ್ಪನ್ನು ಕೊನೆಯಲ್ಲಿ, ಬೀಜವನ್ನು ಮೊದಲಲ್ಲಿ ಹಾಕುವುದು ಸಾಮಾನ್ಯ ಕ್ರಮ. ಸೊಪ್ಪು ಹಿಟ್ಟಿನೊಳಗೆ ಸೇರಿದಾಗ ಇದಕ್ಕೆ ವಿನಾಯಿತಿ ಉಂಟು. ರೊಟ್ಟಿಯ ಹಿಟ್ಟು ಅಥವಾ ವಡೆಯ ಬೇಳೆ ಎಲೆಯನ್ನು ಸುತ್ತಿಕೊಂಡು ವಾಸನೆಯನ್ನು ಒಳಗೇ ತಡೆಯುತ್ತದೆ.

ಕಾಳು, ಅಕ್ಕಿ ಮತ್ತು ಸಬ್ಬಸಿಗೆ

ಸಬ್ಬಸಿಗೆಯ ಜೊತೆಗಳಲ್ಲಿ ಅತಿ ವ್ಯಾಪಕವಾದುದು ಹಸಿ ಕಾಳು. ಇರಾನಿನ ಬಾಘಾಲಿ ಪೊಲೊ ಎಂಬ ಅನ್ನದಲ್ಲಿ ಸಿಪ್ಪೆ ಸುಲಿದ ಬಾಕ್ಲಾ ಅವರೆ ಮತ್ತು ಧಾರಾಳವಾದ ಸಬ್ಬಸಿಗೆ ಇರುತ್ತವೆ. ಅದನ್ನು ಬೇಯಿಸಿದ ಕುರಿ ಮಾಂಸದೊಡನೆ ಬಡಿಸುವುದು ರೂಢಿ. ಕ್ಯಾಸ್ಪಿಯನ್ ತೀರದ ಗೀಲಾನ್ ಪ್ರಾಂತದ ಬಾಘಾಲಾ ಘಾತೊಘ್ ಕಾಳು, ಸಬ್ಬಸಿಗೆ, ಬೆಳ್ಳುಳ್ಳಿ, ಮೊಟ್ಟೆಗಳ ಗೊಜ್ಜು. ತುರ್ಕಿಯಲ್ಲಿ ಎಳೆಯ ಬಾಕ್ಲಾ ಅವರೆಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಮೇಲೆ ಸಬ್ಬಸಿಗೆ ಉದುರಿಸಿ, ಮೊಸರಿನೊಡನೆ ತಿನ್ನುತ್ತಾರೆ. ಗ್ರೀಸಿನಲ್ಲಿ ಅದೇ ಕಾಳು ಆರ್ಟಿಚೋಕ್ ಮತ್ತು ಸಬ್ಬಸಿಗೆಯ ಜೊತೆಯಾಗುತ್ತದೆ. ಮಹಾರಾಷ್ಟ್ರದಲ್ಲಿ ಬಾಕ್ಲಾ ಅವರೆಯ ಸ್ಥಾನವನ್ನು ಹೆಸರುಬೇಳೆ ಪಡೆಯುತ್ತದೆ. ಶೇಪು ಭಾಜಿಗೆ ಬೆಳ್ಳುಳ್ಳಿಯ ಒಗ್ಗರಣೆ, ಜೊತೆಗೆ ಭಾಕ್ರಿ.

ದಕ್ಷಿಣ ಕರ್ನಾಟಕದಲ್ಲಿ ಈ ಸ್ಥಾನ ಅವರೆಕಾಳಿನದು. ಅವರೆ ಬಾಕ್ಲಾ ಅವರೆಗಿಂತ ಬೇರೆ ಪ್ರಭೇದ. ಅದರ ವೈಜ್ಞಾನಿಕ ನಾಮ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಚಳಿ ಬಿದ್ದು ಸೊಗಡಿನ ಅವರೆಕಾಯಿ ಪೇಟೆಗೆ ಬರುವ ಡಿಸೆಂಬರ್, ಜನವರಿ ತಿಂಗಳುಗಳಲ್ಲೇ ಸಬ್ಬಸಿಗೆಯೂ ಸಮೃದ್ಧ. ಅವರೆಯ ಸೊಗಡು ಗಾಢವಾದುದು. ಅನೇಕ ಸೊಪ್ಪುಗಳು ಅದರ ಮುಂದೆ ಮಂಕಾಗುತ್ತವೆ. ಸಬ್ಬಸಿಗೆ ಮಾತ್ರ ಅದರ ಸಮಕ್ಕೆ ನಿಲ್ಲುತ್ತದೆ, ಹಾಗೆಂದು ಅದನ್ನು ಮುಚ್ಚುವುದೂ ಇಲ್ಲ. ಅವರೆಕಾಳು ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳಿನ ಅಕ್ಕಿರೊಟ್ಟಿ ಮೂರಕ್ಕೂ ಸಬ್ಬಸಿಗೆ ಹಾಕುವ ರೂಢಿ ಬೆಂಗಳೂರು, ಮೈಸೂರು, ಮಂಡ್ಯ, ಕೋಲಾರ, ತುಮಕೂರು ಸೀಮೆಗಳಲ್ಲಿ ಗಟ್ಟಿಯಾಗಿದೆ.

ಇರಾನಿನ ಅನ್ನವನ್ನೂ ಕನ್ನಡನಾಡಿನ ಅವರೆಕಾಳಿನ ಅಕ್ಕಿರೊಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಕ್ಕಿ, ಹಸಿ ಕಾಳು, ಸಬ್ಬಸಿಗೆ ಎಂಬ ಮೂರೂ ಅಂಶಗಳು ಒಂದೇ ಆಗಿವೆ. ಕೊಬ್ಬು ಅಲ್ಲಿ ಬೆಣ್ಣೆಯದು, ಇಲ್ಲಿ ಎಣ್ಣೆಯದೋ ತುಪ್ಪದ್ದೋ. ಈ ಸಾಮ್ಯಕ್ಕೆ ಪರಸ್ಪರ ಪ್ರಭಾವವನ್ನು ಊಹಿಸಬೇಕಾಗಿಲ್ಲ. ಪಿಷ್ಟದ ನೆಲೆ, ಕಾಳಿನ ಮಣ್ಣುವಾಸನೆ, ಕೊಬ್ಬಿನಲ್ಲಿ ಕರಗುವ ಹಸಿರು ಪರಿಮಳ ಇವು ಎಲ್ಲಿ ಕೂಡಿದರೂ ಒಗ್ಗುತ್ತವೆ.

ಕರ್ನಾಟಕದ ಇತರ ಅಡುಗೆಗಳು

ಅಕ್ಕಿರೊಟ್ಟಿಗೆ ಕಾಳಿಲ್ಲದೆಯೂ ಸಬ್ಬಸಿಗೆ ಸೇರುತ್ತದೆ. ಅಕ್ಕಿಹಿಟ್ಟು, ಹೆಚ್ಚಿದ ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿ, ತೆಂಗಿನತುರಿ, ಜೀರಿಗೆ, ಉಪ್ಪು ಕಲಸಿ ಕಾವಲಿಯ ಮೇಲೆ ತೆಳ್ಳಗೆ ತಟ್ಟಿ ಬೇಯಿಸುತ್ತಾರೆ. ಅಂಬೊಡೆಯಲ್ಲಿ ತರಿತರಿಯಾಗಿ ರುಬ್ಬಿದ ಕಡಲೆಬೇಳೆಯೊಡನೆ ಸಬ್ಬಸಿಗೆ ಬೆರೆಯುತ್ತದೆ. ಕರಿದ ಹೊರಪದರ ವಾಸನೆಯನ್ನು ಮುಚ್ಚಿಡುವುದರಿಂದ ಮುರಿದಾಗ ಅದು ಒಮ್ಮೆಲೇ ಹೊಮ್ಮುತ್ತದೆ.

ನುಚ್ಚಿನುಂಡೆ ಈ ಸೊಪ್ಪಿನ ಹೊಂದಾಣಿಕೆಗೆ ಅತ್ಯುತ್ತಮ ಉದಾಹರಣೆ. ನೆನೆಸಿದ ತೊಗರಿಬೇಳೆಯನ್ನು ತರಿಯಾಗಿ ರುಬ್ಬಿ, ಸಬ್ಬಸಿಗೆ, ತೆಂಗಿನತುರಿ, ಶುಂಠಿ, ಹಸಿಮೆಣಸಿನಕಾಯಿ ಸೇರಿಸಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಹಬೆಯಲ್ಲಿ ಬೆಂದುದರಿಂದ ಎಲೆ ಹಸಿರಾಗಿಯೇ ಉಳಿಯುತ್ತದೆ. ತಿನ್ನುವಾಗ ಮೇಲೆ ತುಪ್ಪ, ಪಕ್ಕದಲ್ಲಿ ಮಜ್ಜಿಗೆಹುಳಿ. ಬೇಳೆ, ಕೊಬ್ಬು, ಹುಳಿ, ಪರಿಮಳ ನಾಲ್ಕೂ ಒಂದೇ ತಟ್ಟೆಯಲ್ಲಿ ಕೂಡುವುದು ಇಲ್ಲಿ.

ಉತ್ತರ ಕರ್ನಾಟಕದಲ್ಲಿ ಹೆಸರುಬೇಳೆ ಅಥವಾ ತೊಗರಿಬೇಳೆ ಹಾಕಿದ ಸಬ್ಬಸಗಿ ಪಲ್ಯ ಜೋಳದ ರೊಟ್ಟಿಗೆ ಒದಗುತ್ತದೆ. ಬಸ್ಸಾರು, ಮಸ್ಸೊಪ್ಪುಗಳಲ್ಲಿ ಸಬ್ಬಸಿಗೆ ಒಂಟಿಯಾಗಿ ಬರುವುದು ಕಡಿಮೆ. ದಂಟು, ಹರಿವೆ, ಪಾಲಕ್‌ಗಳಂಥ ಸೌಮ್ಯ ಸೊಪ್ಪುಗಳ ನಡುವೆ ಒಂದು ಹಿಡಿ ಬಿದ್ದರೆ ಸಾಕಾಗುತ್ತದೆ. ಮುದ್ದೆಯೊಡನೆ ಈ ಸಾರುಗಳು ಸೇರುವುದರಿಂದ ರಾಗಿಯೂ ಸಬ್ಬಸಿಗೆಯ ಜೊತೆಗಳ ಪಟ್ಟಿಯಲ್ಲಿ ಸೇರಿದೆ.

ಮೊಸರು, ಸೌತೆಕಾಯಿ, ಆಲೂಗಡ್ಡೆ

ಪೋಲೆಂಡಿನ ಮಿಜೇರಿಯಾ ಹುಳಿ ಕೆನೆಯಲ್ಲಿ ಕಲಸಿದ ಸೌತೆಕಾಯಿ ಮತ್ತು ಸಬ್ಬಸಿಗೆ. ಗ್ರೀಸಿನ ಜಾಜಿಕಿಯಲ್ಲೂ ತುರ್ಕಿಯ ಜಾಜಿಕ್‌ನಲ್ಲೂ ಮೊಸರು, ಸೌತೆಕಾಯಿ, ಬೆಳ್ಳುಳ್ಳಿಗಳ ಜೊತೆಗೆ ಪುದೀನ ಅಥವಾ ಸಬ್ಬಸಿಗೆ ಬರುತ್ತದೆ. ಕನ್ನಡ ಮನೆಗಳ ಸೌತೆಕಾಯಿ ಮೊಸರುಬಜ್ಜಿ ಇದೇ ಕುಲದ್ದಾದರೂ ಅದಕ್ಕೆ ಕೊತ್ತಂಬರಿ ಸೊಪ್ಪೇ ರೂಢಿ; ಸಬ್ಬಸಿಗೆ ಹಾಕಿದರೂ ಚೆನ್ನಾಗಿ ಒಗ್ಗುತ್ತದೆ.

ಪೂರ್ವ ಯುರೋಪಿನ ಸೌತೆಕಾಯಿ ಉಪ್ಪಿನಕಾಯಿ ಉಪ್ಪುನೀರಿನಲ್ಲಿ ತಾನಾಗಿ ಹುದುಗಿ ಹುಳಿಯಾಗುತ್ತದೆ. ಅದಕ್ಕೆ ಬಳಸುವುದು ಎಳೆಯ ಎಲೆಯನ್ನಲ್ಲ, ಬೀಜ ಕಟ್ಟತೊಡಗಿದ ಹೂಗೊಡೆಯನ್ನು. ಜೊತೆಗೆ ಬೆಳ್ಳುಳ್ಳಿ ಮತ್ತು ಹಾರ್ಸ್‌ರ‍್ಯಾಡಿಶ್ ಎಲೆ. ಸೊಪ್ಪಿನ ಮತ್ತು ಬೀಜದ ಎರಡೂ ವಾಸನೆಗಳು ಆ ಹಂತದಲ್ಲಿ ಒಟ್ಟಿಗೆ ಸಿಗುತ್ತವೆ. ಅಮೆರಿಕದ ಡಿಲ್ ಪಿಕಲ್ ಈ ಸಂಪ್ರದಾಯದ ಮುಂದುವರಿಕೆ.

ಬೇಯಿಸಿದ ಹೊಸ ಆಲೂಗಡ್ಡೆ, ಬೆಣ್ಣೆ, ಸಬ್ಬಸಿಗೆ ಸ್ವೀಡನ್‌ನಿಂದ ರಷ್ಯದವರೆಗೆ ಬೇಸಿಗೆಯ ಊಟ. ಉತ್ತರ ಭಾರತದಲ್ಲಿ ಆಲೂಗಡ್ಡೆ ಮೆಂತ್ಯ ಸೊಪ್ಪು ಮತ್ತು ಸಬ್ಬಸಿಗೆಯೊಡನೆ ಪಲ್ಯವಾಗುತ್ತದೆ. ಉಜ್ಬೇಕಿಸ್ತಾನದ ಖೀವಾ ನಗರದಲ್ಲಿ ಸಬ್ಬಸಿಗೆಯ ರಸದಿಂದ ಹಿಟ್ಟು ಕಲಸಿ ಶಿವಿತ್ ಓಶಿ ಎಂಬ ಹಸಿರು ಶಾವಿಗೆ ಮಾಡುತ್ತಾರೆ. ಅದರ ಪಕ್ಕದಲ್ಲೂ ಮೊಸರು ಇರುತ್ತದೆ.

ಮೀನು ಮತ್ತು ಮಾಂಸ

ಸ್ವೀಡನ್‌ನ ಗ್ರಾವ್‌ಲಾಕ್ಸ್ ಉಪ್ಪು, ಸಕ್ಕರೆ, ಸಬ್ಬಸಿಗೆಗಳಲ್ಲಿ ಹದಗೊಳಿಸಿದ ಹಸಿ ಸಾಲ್ಮನ್ ಮೀನು. ಅದಕ್ಕೆ ಸಾಸಿವೆ ಮತ್ತು ಸಬ್ಬಸಿಗೆಯ ಸಾಸ್ ಬಡಿಸುತ್ತಾರೆ. ಸಾಲ್ಮನ್‌ನ ಕೊಬ್ಬು ಪರಿಮಳವನ್ನು ಹೀರುತ್ತದೆ. ಬಿಸಿಯ ಸೋಂಕಿಲ್ಲದ ಕಾರಣ ಅದು ನಷ್ಟವಾಗುವುದಿಲ್ಲ. ಆಗಸ್ಟ್ ತಿಂಗಳ ಕ್ರೇಫಿಷ್ ಊಟಕ್ಕೆ ಸ್ವೀಡನ್ನರು ಹೂಗೊಡೆಗಳನ್ನೇ ಉಪ್ಪುನೀರಿಗೆ ಹಾಕಿ ಕುದಿಸುತ್ತಾರೆ.

ಆಗ್ನೇಯ ಏಷ್ಯದಲ್ಲಿ ಸಬ್ಬಸಿಗೆ ಅಪರೂಪ. ಆದರೆ ಲಾವೋಸ್ ಮತ್ತು ಉತ್ತರ ವಿಯೆಟ್ನಾಂ ಇದಕ್ಕೆ ಹೊರತು. ಹನೋಯ್ ನಗರದ ಚಾ ಕಾ ಎಂಬ ಖಾದ್ಯದಲ್ಲಿ ಅರಿಶಿನ ಹಚ್ಚಿದ ಮೀನನ್ನು ಎಣ್ಣೆಯಲ್ಲಿ ಹುರಿದು, ಅದೇ ಬಾಣಲೆಗೆ ಸಬ್ಬಸಿಗೆ ಮತ್ತು ಈರುಳ್ಳಿ ಹೂವನ್ನು ರಾಶಿಯಾಗಿ ಹಾಕಿ, ಅಕ್ಕಿ ಶಾವಿಗೆಯೊಡನೆ ತಿನ್ನುತ್ತಾರೆ. ಅರಿಶಿನ, ಅಕ್ಕಿ, ಎಣ್ಣೆ, ಸಬ್ಬಸಿಗೆಗಳ ಈ ಕೂಟ ಕನ್ನಡಿಗರ ನಾಲಗೆಗೆ ಅಪರಿಚಿತವೆನಿಸುವುದಿಲ್ಲ. ಮಾಂಸಗಳಲ್ಲಿ ಕುರಿ ಮತ್ತು ಎಳೆಗರುವಿನ ಮಾಂಸ ಸಬ್ಬಸಿಗೆಗೆ ಹೊಂದುತ್ತವೆ. ಲಖನೌ ಸೀಮೆಯಲ್ಲಿ ಕೊಚ್ಚಿದ ಮಾಂಸಕ್ಕೂ ಸಬ್ಬಸಿಗೆ ಸೇರುತ್ತದೆ.

ಪಾನೀಯಗಳು

ಹುಳಿ ಹಾಲಿನ ಪಾನೀಯಗಳು ಸಬ್ಬಸಿಗೆಗೆ ಹೆಚ್ಚು ಹತ್ತಿರ. ಲಿಥುಯೇನಿಯದ ಶಾಲ್ಟಿಬಾರ್ಶ್ಚೈ, ಕೆಫಿರ್ ಎಂಬ ಹುದುಗಿಸಿದ ಹಾಲು, ಬೀಟ್‌ರೂಟ್, ಸೌತೆಕಾಯಿ, ಸಬ್ಬಸಿಗೆಗಳ ತಣ್ಣನೆಯ ಸೂಪು. ರಷ್ಯದ ಅಕ್ರೋಶ್ಕಾವನ್ನು ಕೆಫಿರ್ ಅಥವಾ ರೈ ಬ್ರೆಡ್ಡಿನಿಂದ ಹುದುಗಿಸಿದ ಕ್ವಾಸ್‌ನಲ್ಲಿ ಮಾಡುತ್ತಾರೆ. ಕರ್ನಾಟಕದಲ್ಲಿ ಸಬ್ಬಸಿಗೆಯ ಪಲ್ಯ, ರೊಟ್ಟಿಗಳ ಊಟ ಮಜ್ಜಿಗೆಯಲ್ಲಿ ಮುಗಿಯುತ್ತದೆ. ನೀರು ಮಜ್ಜಿಗೆಯ ಹುಳಿ ಮತ್ತು ಉಪ್ಪು ಸೊಪ್ಪಿನ ತೀಕ್ಷ್ಣತೆಯನ್ನು ಇಳಿಸುತ್ತವೆ.

ಅಂಬೊಡೆ, ಅಕ್ಕಿರೊಟ್ಟಿಗಳೊಡನೆ ಫಿಲ್ಟರ್ ಕಾಫಿ ಕುಡಿಯುವುದು ದಕ್ಷಿಣ ಕರ್ನಾಟಕದ ಪದ್ಧತಿ. ಈ ಜೋಡಿಯ ಬಲವಿರುವುದು ಕರಿದ ತಿನಿಸಿನ ಕೊಬ್ಬು ಮತ್ತು ಡಿಕಾಕ್ಷನ್ನಿನ ಕಹಿಗಳ ನಡುವೆ. ಹಸಿ ಸೊಪ್ಪಿನ ವಾಸನೆಗೂ ಹುರಿದ ಕಾಫಿಬೀಜದ ವಾಸನೆಗೂ ನೇರ ನಂಟಿಲ್ಲ.

ಮದ್ಯಗಳಲ್ಲಿ ಅಕ್ವಾವಿಟ್ ಸಬ್ಬಸಿಗೆಯ ಸಹಜ ಸಂಗಾತಿ. ಸ್ಕ್ಯಾಂಡಿನೇವಿಯದ ಈ ಪೇಯಕ್ಕೆ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಕ್ಯಾರವೇ ಅಥವಾ ಸಬ್ಬಸಿಗೆ ಬೀಜದ, ಇಲ್ಲವೇ ಎರಡರ, ಬಟ್ಟಿಯಿಳಿಸಿದ ಪರಿಮಳ ಇರಬೇಕು, ಮದ್ಯಸಾರ ಶೇ. 37.5ಕ್ಕಿಂತ ಕಡಿಮೆ ಇರಬಾರದು. ಗ್ರಾವ್‌ಲಾಕ್ಸ್ ಜೊತೆಗೆ ಇದನ್ನು ಕುಡಿದಾಗ ಮೀನಿನ ಮೇಲಿನ ಎಲೆಯ ಫೆಲಾಂಡ್ರೀನ್ ಮತ್ತು ಪೇಯದಲ್ಲಿನ ಬೀಜದ ಕಾರ್ವೋನ್ ಕೂಡುತ್ತವೆ: ಒಂದೇ ಗಿಡದ ಎರಡು ಭಾಗಗಳು ಊಟದಲ್ಲಿ ಒಂದಾಗುತ್ತವೆ. ದ್ರಾಕ್ಷಾರಸಗಳಲ್ಲಿ ಹುಳಿ ಮುಂದಾಗಿರುವ ಬಿಳಿಯ ಬಗೆಗಳು, ಅಂದರೆ ಸೋವಿನ್ಯೋನ್ ಬ್ಲಾಂಕ್, ರೀಸ್ಲಿಂಗ್, ಆಸ್ಟ್ರಿಯದ ಗ್ರೂನರ್ ವೆಲ್ಟ್‌ಲೀನರ್ ಹೊಂದುತ್ತವೆ. ಒಗರು ಹೆಚ್ಚಿರುವ ಕೆಂಪು ದ್ರಾಕ್ಷಾರಸ ಹಸಿ ಸೊಪ್ಪನ್ನು ಕಹಿಯಾಗಿಸುತ್ತದೆ.

ಹೊಂದದ ಜೊತೆಗಳು

ಚಕ್ಕೆ, ಲವಂಗ, ಏಲಕ್ಕಿಗಳು ಮುಂದಾಗಿರುವ ಮಸಾಲೆಯಲ್ಲಿ ಸಬ್ಬಸಿಗೆ ಕಲಸುಮೇಲೋಗರವಾಗುತ್ತದೆ. ಇಂಗು ಹೆಚ್ಚಾದರೂ ಹಾಗೆಯೇ. ಪುದೀನ ಮತ್ತು ಸಬ್ಬಸಿಗೆ ಸಮಪ್ರಮಾಣದಲ್ಲಿದ್ದರೆ ಒಂದನ್ನೊಂದು ಅಳಿಸುತ್ತವೆ. ಒಂದು ಮುಖ್ಯವಾಗಿ ಮತ್ತೊಂದು ಹಿನ್ನೆಲೆಯಲ್ಲಿರಬೇಕು. ಬೆಲ್ಲ, ಸಕ್ಕರೆಯ ಸಿಹಿತಿನಿಸುಗಳಲ್ಲಿ ಸೊಪ್ಪಿಗೆ ಜಾಗವಿಲ್ಲ. ಬೀಜಕ್ಕೆ ಮಾತ್ರ ಉಂಟು: ಗುಜರಾತಿನಲ್ಲಿ ಊಟದ ನಂತರದ ಮುಖವಾಸದಲ್ಲಿ ಸುವಾ ಬೀಜ ಬಳಕೆಯಲ್ಲಿದೆ.

ಔಷಧೀಯ ಮತ್ತು ಪೌಷ್ಟಿಕ ಬಳಕೆ

100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 85 ಮಿಲಿಗ್ರಾಂ ಸಿ ಜೀವಸತ್ವ ಮತ್ತು ಸುಮಾರು 200 ಮಿಲಿಗ್ರಾಂ ಸುಣ್ಣಾಂಶವಿದೆ. ಚಿಟಿಕೆಯಷ್ಟು ಉದುರಿಸುವಲ್ಲಿ ಇದು ಲೆಕ್ಕಕ್ಕೆ ಬಾರದು. ಕಟ್ಟುಗಟ್ಟಲೆ ಬೇಯಿಸುವ ಅಡುಗೆಯಲ್ಲಿ ಸುಣ್ಣಾಂಶ ಗಣನೀಯವಾಗಿಯೇ ಒದಗುತ್ತದೆ, ಸಿ ಜೀವಸತ್ವದ ಒಂದು ಭಾಗ ಬಿಸಿಗೆ ಕಳೆದುಹೋಗುತ್ತದೆ. ಬಾಣಂತಿಯರಿಗೆ ಸಬ್ಬಸಿಗೆ ಕೊಡುವ ಸಂಪ್ರದಾಯ ಕರ್ನಾಟಕದಲ್ಲಿ ಹಳೆಯದು. ಎದೆಹಾಲು ಹೆಚ್ಚುತ್ತದೆಂಬ ನಂಬಿಕೆ ಅದರ ಹಿಂದಿದೆ. ವೈದ್ಯಕೀಯ ಪುರಾವೆ ಸೀಮಿತ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ, ಶಿಶುಗಳಿಗೆ ಕೊಡುವ ಗ್ರೈಪ್ ವಾಟರ್‌ನಲ್ಲಿ ಸಬ್ಬಸಿಗೆ ತೈಲವಿತ್ತು. ಹಳೆಯ ಸೂತ್ರದಲ್ಲಿದ್ದ ಮದ್ಯಸಾರವನ್ನು ಮುಂದೆ ಕೈಬಿಡಲಾಯಿತು. ಆರು ತಿಂಗಳವರೆಗೆ ಶಿಶುಗಳಿಗೆ ಎದೆಹಾಲು ಮಾತ್ರ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗಜ್ಜರಿ, ಸೆಲರಿ ಮುಂತಾದ ಇದೇ ಕುಟುಂಬದ ಸಸ್ಯಗಳು ಒಗ್ಗದವರಲ್ಲಿ ಸಬ್ಬಸಿಗೆಯೂ ಅಲರ್ಜಿ ಉಂಟುಮಾಡಬಹುದು.

ಆಯ್ಕೆ ಮತ್ತು ಸಂಗ್ರಹ

ಎಲೆ ಕಡುಹಸಿರಾಗಿ, ದಂಟು ಉಗುರಿನಿಂದ ಸುಲಭವಾಗಿ ಮುರಿಯುವಂತಿರಬೇಕು. ಹೂವು ಬಿಟ್ಟ ಗಿಡದ ದಂಟು ನಾರು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಟ್ಟರೆ ಕೆಲವು ದಿನ ತಾಳುತ್ತದೆ. ಒಣಗಿಸಿದಾಗ ಸೊಪ್ಪಿನ ಪರಿಮಳದ ಬಹುಭಾಗ ಹೋಗುತ್ತದೆ. ಹೆಪ್ಪುಗಟ್ಟಿಸುವುದು ಅದಕ್ಕಿಂತ ಮೇಲು. ಬೀಜವನ್ನು ಇಡಿಯಾಗಿ ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಕಾದಾಗ ಪುಡಿಮಾಡಬೇಕು.

ಇಂದಿನ ಸ್ಥಿತಿ

ಭಾರತದ ಸಂಬಾರ ಮಂಡಳಿಯ 52 ಸಂಬಾರ ಪದಾರ್ಥಗಳ ಪಟ್ಟಿಯಲ್ಲಿ ಸಬ್ಬಸಿಗೆ ಇದೆ. ಬೀಜದ ಬೆಳೆ ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ಹೆಚ್ಚು. ರಾಜಸ್ಥಾನದ ಅಜ್ಮೇರ್‌ನಲ್ಲಿರುವ ಬೀಜ ಸಂಬಾರಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರ ಅಜ್ಮೇರ್ ಡಿಲ್-1 ಮತ್ತು ಅಜ್ಮೇರ್ ಡಿಲ್-2 ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಮೊದಲನೆಯದು ಯುರೋಪಿನ ಬಗೆಯದು, ಎರಡನೆಯದು ಭಾರತದ ಬಗೆಯದು. ಬೀಜದ ತೈಲ ಆಹಾರೋದ್ಯಮ, ಸಾಬೂನು, ಔಷಧ ತಯಾರಿಕೆಗೆ ಹೋಗುತ್ತದೆ.

ಕರ್ನಾಟಕದಲ್ಲಿ ಸಬ್ಬಸಿಗೆ ಪ್ರಧಾನವಾಗಿ ಸೊಪ್ಪಿನ ಬೆಳೆ. ಬಿತ್ತಿದ ಐದಾರು ವಾರಗಳಲ್ಲಿ ಕಿತ್ತು ಕಟ್ಟುಗಳಲ್ಲಿ ಮಾರುತ್ತಾರೆ. ಬೇಗ ಬಾಡುವುದರಿಂದ ಬೆಳೆ ಪೇಟೆಯ ಸುತ್ತಮುತ್ತಲಿನ ಹೊಲಗಳಲ್ಲೇ ಹೆಚ್ಚು. ಚಳಿಗಾಲದಲ್ಲಿ ಬೇಡಿಕೆಯನ್ನು ಏರಿಸುವುದು ಅವರೆಕಾಯಿ. ಬೆಂಗಳೂರಿನ ಉಪಾಹಾರಗೃಹಗಳಲ್ಲಿ ಆ ತಿಂಗಳುಗಳಲ್ಲಿ ಅವರೆಕಾಳಿನ ರೊಟ್ಟಿ, ಉಪ್ಪಿಟ್ಟು, ವಡೆಗಳು ಪಟ್ಟಿಗೆ ಸೇರುತ್ತವೆ. ವಿದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಡಿಲ್ ಎಂಬ ಹೆಸರಿನಲ್ಲಿ ಸೂಪರ್‌ಮಾರ್ಕೆಟ್ಟುಗಳಲ್ಲಿ ಹಸಿ ಸೊಪ್ಪು ದೊರೆಯುತ್ತದೆ. ಅಲ್ಲಿನ ಕಟ್ಟು ಅಲಂಕಾರದ ಲೆಕ್ಕದಲ್ಲಿ ಚಿಕ್ಕದು. ಒಂದು ಅಕ್ಕಿರೊಟ್ಟಿಯ ಊಟಕ್ಕೆ ಹಲವು ಕಟ್ಟುಗಳು ಬೇಕಾಗುತ್ತವೆ.